ಬ್ರೇಕಿಗೆ ಯಾವ ಕಾಲು?



ಆಟೋಮ್ಯಾಟಿಕ್ ಕಾರಿನಲ್ಲಿ ಕ್ಲಚ್ ಪೆಡಲ್ ಇಲ್ಲ. ಇರುವ ಪೆಡಲ್‌ಗಳು ಎರಡೇ: ಎಡಕ್ಕೆ ಬ್ರೇಕು, ಬಲಕ್ಕೆ ಆಕ್ಸಿಲರೇಟರ್. ನಮಗೆ ಕಾಲುಗಳೂ ಎರಡೇ. ಹಾಗಾದರೆ ಒಂದೊಂದು ಕಾಲಿಗೆ ಒಂದೊಂದು ಪೆಡಲ್ ಹಂಚಿಬಿಟ್ಟರೆ ಲೆಕ್ಕ ಸರಿಹೋಯಿತಲ್ಲ ಎಂದು ಹೊಸದಾಗಿ ಇಂಥ ಕಾರು ಕೊಂಡವರಿಗೆ ಅನ್ನಿಸುವುದು ಸಹಜ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹಂಚಬೇಡಿ. ಎರಡು ಪೆಡಲೂ ಬಲಗಾಲಿನದೇ. ಎಡಗಾಲಿಗೆ ಪೂರ್ತಿ ರಜೆ. ಯಾಕೆ ಎಂಬುದನ್ನು ಈಗ ನಿಧಾನವಾಗಿ ನೋಡೋಣ.

ನಮ್ಮ ವಡಪಳನಿಯಲ್ಲಿ ಈ ಪ್ರಶ್ನೆಗೆ ವಿಶೇಷ ಮಹತ್ವ ಇದೆ. ಆರ್ಕಾಟ್ ರಸ್ತೆಯೂ ನೂರಡಿ ರಸ್ತೆಯೂ ಕೂಡುವ ಜಾಗ ಇದು. ಕೋಡಂಬಾಕ್ಕಂ ಕಡೆಯಿಂದ ಬರುವವರು, ಸಾಲಿಗ್ರಾಮಂ, ವಳಸರವಾಕ್ಕಂ ಕಡೆ ಹೋಗುವವರು, ಕೊಯಂಬೇಡಿಗೆ ಓಡುವ ಬಸ್ಸುಗಳು, ಎಲ್ಲವೂ ಇಲ್ಲೇ ಸೇರುತ್ತವೆ. 2015ರಲ್ಲಿ ಮೆಟ್ರೊ ರೈಲು ಬಂತು. ಅದರ ಎರಡನೇ ಹಂತದ ಕಾಮಗಾರಿ ಆರ್ಕಾಟ್ ರಸ್ತೆಗೆ ಬಂದ ಮೇಲಂತೂ ನೂರು ಅಡಿ ಮುಂದೆ ಹೋಗುವಷ್ಟರಲ್ಲಿ ಹತ್ತು ಸಲ ಕ್ಲಚ್ ತುಳಿದು ಎಡ ಮೊಣಕಾಲು ಹಿಡಿದುಕೊಂಡವರು ಎಷ್ಟೋ ಮಂದಿ. ಹಾಗಾಗಿ ಜನ ಆಟೋಮ್ಯಾಟಿಕ್ ಕಾರಿನ ಕಡೆ ತಿರುಗಿದ್ದರಲ್ಲಿ ಆಶ್ಚರ್ಯವಿಲ್ಲ.

ಮೊದಲೆಲ್ಲ ಇವು ದುಬಾರಿ ಕಾರುಗಳ ಸೌಲಭ್ಯವಾಗಿದ್ದವು. 2014ರಲ್ಲಿ ಮಾರುತಿಯ ಸೆಲೆರಿಯೊ ಬಂದಾಗ ಎಎಂಟಿ ಎಂಬ ವ್ಯವಸ್ಥೆ ಮಧ್ಯಮ ವರ್ಗದ ಕೈಗೆಟುಕಿತು. ಇದರಲ್ಲಿ ಕ್ಲಚ್ ಇದೆ, ಗೇರೂ ಇದೆ. ಕ್ಲಚ್ ಒತ್ತಿ ಗೇರು ಬದಲಿಸುವ ಕೆಲಸವನ್ನು ಮಾತ್ರ ಯಂತ್ರವೇ ಮಾಡಿಕೊಳ್ಳುತ್ತದೆ. ಅದಕ್ಕೂ ಮೊದಲು, 2001ರಲ್ಲೇ, ನಮ್ಮ ಬೆಂಗಳೂರಿನಲ್ಲಿ ತಯಾರಾದ ರೇವಾ ವಿದ್ಯುತ್ ಕಾರು ಕ್ಲಚ್ಚೂ ಗೇರೂ ಇಲ್ಲದೆ ಎರಡೇ ಪೆಡಲ್‌ಗಳಲ್ಲಿ ಓಡಿತ್ತು. ಈಗಿನ ವಿದ್ಯುತ್ ಕಾರುಗಳೂ ಹಾಗೆಯೇ.

ಎಡಗಾಲಿನ ಪರವಾದ ವಾದ

ಎಡಗಾಲಿನಿಂದ ಬ್ರೇಕ್ ಹಿಡಿಯಬೇಕು ಎನ್ನುವವರ ವಾದವನ್ನೂ ಕೇಳೋಣ. ಅದರಲ್ಲಿ ಸ್ವಲ್ಪ ಹುರುಳಿದೆ. ಬಲಗಾಲು ಆಕ್ಸಿಲರೇಟರಿನಿಂದ ಎದ್ದು ಬ್ರೇಕಿಗೆ ಬರಲು ಸಮಯ ಬೇಕು. ಅದು ಸೆಕೆಂಡಿನ ಐದನೇ ಒಂದು ಭಾಗ ಎಂದಿಟ್ಟುಕೊಳ್ಳಿ. ಗಂಟೆಗೆ 40 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ 11 ಮೀಟರ್ ಓಡುತ್ತದೆ. ಅಂದರೆ ಕಾಲು ಸರಿಯುವಷ್ಟರಲ್ಲಿ ಎರಡು ಮೀಟರಿಗಿಂತ ಸ್ವಲ್ಪ ಹೆಚ್ಚು ಮುಂದೆ ಹೋಗಿರುತ್ತದೆ. ಎಡಗಾಲು ಬ್ರೇಕಿನ ಮೇಲೆ ಸಿದ್ಧವಾಗಿದ್ದರೆ ಈ ಎರಡು ಮೀಟರ್ ಉಳಿಯುತ್ತದೆ. ರಸ್ತೆ ದಾಟುತ್ತಿರುವ ಮಗುವಿನ ಮಟ್ಟಿಗೆ ಎರಡು ಮೀಟರ್ ಎಂದರೆ ದೊಡ್ಡದೇ.

ಆದರೆ ಒಂದು ವಿಷಯ ಗಮನಿಸಿ. ಹೆಚ್ಚಿನ ಆಟೋಮ್ಯಾಟಿಕ್ ಕಾರುಗಳು ಬ್ರೇಕ್ ಬಿಟ್ಟರೆ ಸಾಕು, ತಾವಾಗಿ ಮೆಲ್ಲಗೆ ತೆವಳುತ್ತವೆ. ಆಕ್ಸಿಲರೇಟರ್ ಮುಟ್ಟಬೇಕಾದ ಅಗತ್ಯವೇ ಇಲ್ಲ. ವಡಪಳನಿ ಮುರುಗನ ಗುಡಿಯ ಸುತ್ತಲಿನ ಬೀದಿಗಳಲ್ಲಿ, ಪಂಗುಣಿ ಉತ್ತಿರದ ದಿನ ಕಾವಡಿ ಹೊತ್ತವರು ಬರಿಗಾಲಲ್ಲಿ ನಡೆಯುವಾಗ, ನಮಗೆ ಬೇಕಾದದ್ದು ಆ ತೆವಳುವ ವೇಗ ಮಾತ್ರ. ಆಗ ಬಲಗಾಲೇ ಬ್ರೇಕಿನ ಮೇಲಿರುತ್ತದೆ. ಸರಿಸುವ ಸಮಯ ಸೊನ್ನೆ. ಜನ ಹೆಚ್ಚಿರುವ ಕಡೆ ಎಡಗಾಲು ಕೊಡುವ ಲಾಭವನ್ನು ಬಲಗಾಲೂ ಕೊಡುತ್ತದೆ ಎಂದಾಯಿತು. ಸ್ವಲ್ಪ ವೇಗದಲ್ಲಿದ್ದಾಗಲೂ ಅಷ್ಟೆ. ಮುಂದೆ ಶಾಲೆ ಇದೆ, ಬಸ್ ನಿಲ್ದಾಣ ಇದೆ ಎಂದು ಕಂಡ ಕೂಡಲೇ ಬಲಗಾಲನ್ನು ಆಕ್ಸಿಲರೇಟರಿನಿಂದ ತೆಗೆದು ಬ್ರೇಕಿನ ಮೇಲೆ ತಂದಿಟ್ಟುಕೊಂಡರೆ ಆಯಿತು.

ಎಡಗಾಲಿನ ಅಭ್ಯಾಸ ಬೇರೆ

ಈಗ ಎಡಗಾಲಿನ ಕಷ್ಟಕ್ಕೆ ಬರೋಣ. ಸ್ಟುಡಿಯೋಗಳ ಕಾಲದಲ್ಲಿ ಇಲ್ಲಿಗೆ ಬಂದು ನೆಲೆಸಿದ ಹಿರಿಯ ಕನ್ನಡಿಗರು ನಮ್ಮ ನಡುವೆ ಇದ್ದಾರೆ. ಅವರು ಓಡಿಸಿದ್ದು ಅಂಬಾಸಡರ್, ಫಿಯೆಟ್. ಮೂವತ್ತು ನಲವತ್ತು ವರ್ಷ ಅವರ ಎಡಗಾಲು ಕಲಿತದ್ದು ಒಂದೇ ಪಾಠ: ಕ್ಲಚ್ಚನ್ನು ತಳ ಮುಟ್ಟುವ ತನಕ ತುಳಿ. ನಿನ್ನೆ ಮೊನ್ನೆ ಡ್ರೈವಿಂಗ್ ಶಾಲೆಯಿಂದ ಬಂದ ಮಕ್ಕಳ ಎಡಗಾಲೂ ಸಾಮಾನ್ಯವಾಗಿ ಕಲಿತು ಬಂದಿರುವುದು ಅದನ್ನೇ. ಬ್ರೇಕಿನ ಕೆಲಸ ಹಾಗಲ್ಲ. ಅದನ್ನು ಅಳತೆ ನೋಡಿ, ಮೊದಲು ಮೆತ್ತಗೆ, ಆಮೇಲೆ ಬೇಕಾದಷ್ಟು ಒತ್ತಬೇಕು. ಆ ಅಳತೆ ಗೊತ್ತಿರುವುದು ಬಲಗಾಲಿಗೆ. ಎಡಗಾಲಿಗೆ ಬ್ರೇಕ್ ಕೊಟ್ಟರೆ ಅದು ಕ್ಲಚ್ ಎಂದೇ ತಿಳಿದು ತುಳಿಯುತ್ತದೆ. ಕಾರು ಮೂತಿ ಕೆಳಗೆ ಮಾಡಿ ಗಕ್ಕನೆ ನಿಲ್ಲುತ್ತದೆ. ಒಳಗಿದ್ದವರ ಹಣೆ ಮುಂದಿನ ಸೀಟಿಗೆ, ಹಿಂದೆ ಬರುತ್ತಿದ್ದ ಬೈಕು ನಮ್ಮ ಬಂಪರಿಗೆ.

ಎರಡನೆಯದು, ಗಾಬರಿ. ಎರಡು ಕಾಲೂ ಎರಡು ಪೆಡಲ್‌ಗಳ ಮೇಲಿರುವಾಗ ಏನಾದರೂ ಅಡ್ಡ ಬಂತೆನ್ನಿ. ಮೈ ಬಿಗಿಯಾಗುತ್ತದೆ. ಎರಡು ಕಾಲೂ ಒಟ್ಟಿಗೇ ಒತ್ತಿಬಿಡಬಹುದು. ಬ್ರೇಕಿನ ಜೊತೆ ಆಕ್ಸಿಲರೇಟರೂ ಒತ್ತಿದರೆ ಕಾರು ನಿಲ್ಲಲು ಹೆಚ್ಚು ದೂರ ಬೇಕು. ಎರಡೂ ಒಟ್ಟಿಗೆ ಒತ್ತಿದಾಗ ಎಂಜಿನ್ ಶಕ್ತಿಯನ್ನು ತಗ್ಗಿಸುವ ವ್ಯವಸ್ಥೆ ಈಚಿನ ಬಹಳಷ್ಟು ಕಾರುಗಳಲ್ಲಿದೆ. ಆದರೆ ಎಲ್ಲದರಲ್ಲೂ ಇದೆ ಎಂದು ನಂಬಿ ಕೂರುವಂತಿಲ್ಲ. ಎಡಗಾಲು ತನ್ನ ಜಾಗದಲ್ಲಿ ಊರಿಕೊಂಡಿದ್ದರೆ ಮೈಗೆ ಆಧಾರ ಸಿಗುತ್ತದೆ, ಬಲಗಾಲು ನೆಮ್ಮದಿಯಾಗಿ ಬ್ರೇಕ್ ಒತ್ತುತ್ತದೆ.

ಮೂರನೆಯದು, ಬ್ರೇಕಿನ ಮೇಲೆ ಇಟ್ಟ ಎಡಗಾಲು ತಿಳಿಯದೆ ಸ್ವಲ್ಪ ಸ್ವಲ್ಪ ಒತ್ತುತ್ತಲೇ ಇರುತ್ತದೆ. ಹಿಂದಿನ ಕೆಂಪು ದೀಪ ಆರುವುದೇ ಇಲ್ಲ. ನಾವು ನಿಜವಾಗಿ ಯಾವಾಗ ನಿಲ್ಲುತ್ತೇವೆ ಎಂದು ಹಿಂದಿನವರಿಗೆ ತಿಳಿಯುವುದು ಹೇಗೆ? ಜೊತೆಗೆ ಬ್ರೇಕ್ ಪ್ಯಾಡ್ ಸವೆಯುತ್ತದೆ, ಪೆಟ್ರೋಲೂ ಹೆಚ್ಚು ಖರ್ಚು. ಬ್ರೇಕ್ ಬಹಳ ಕಾದರೆ, ತೀರಾ ಬೇಕಾದ ಹೊತ್ತಿನಲ್ಲಿ ಅದರ ಹಿಡಿತವೇ ಕಡಿಮೆಯಾಗುತ್ತದೆ.

ಬಲಗಾಲೂ ತಪ್ಪುತ್ತದೆ

ಹಾಗೆಂದು ಬಲಗಾಲು ತಪ್ಪೇ ಮಾಡುವುದಿಲ್ಲ ಎಂದಲ್ಲ. ಜಗತ್ತಿನ ದೊಡ್ಡ ದುರಂತಗಳಲ್ಲಿ ಕೆಲವು ಬಲಗಾಲು ಪೆಡಲ್ ತಪ್ಪಿದ್ದರಿಂದಲೇ ಆದವು. ಅಮೆರಿಕದಲ್ಲಿ 1980ರ ದಶಕದಲ್ಲಿ ಆಡಿ ಕಂಪನಿಯ ಆಟೋಮ್ಯಾಟಿಕ್ ಕಾರುಗಳು ತಾವಾಗಿ ನುಗ್ಗುತ್ತವೆ ಎಂದು ದೊಡ್ಡ ಗಲಾಟೆಯಾಯಿತು. ಅಲ್ಲಿನ ಸರ್ಕಾರ ನಡೆಸಿದ ಅಧ್ಯಯನ 1989ರಲ್ಲಿ ಹೊರಬಂತು. ಬಹುತೇಕ ಪ್ರಕರಣಗಳಲ್ಲಿ ಚಾಲಕರು ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ತುಳಿದಿದ್ದರು ಎಂಬುದು ಅದರ ತೀರ್ಮಾನ. ಬ್ರೇಕ್ ಒತ್ತದ ಹೊರತು ಗೇರಿನ ಕಡ್ಡಿ ‘ಪಿ’ಯಿಂದ ಹೊರಬರದಂತೆ ತಡೆಯುವ ಬೀಗ ಕಾರುಗಳಲ್ಲಿ ಬಳಕೆಗೆ ಬಂದದ್ದು ಆ ಗಲಾಟೆಯ ಫಲವೇ.

2003ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ 86 ವರ್ಷದ ಚಾಲಕರೊಬ್ಬರ ಕಾರು ರೈತರ ಸಂತೆಯೊಳಗೆ ನುಗ್ಗಿ 10 ಜನ ತೀರಿಕೊಂಡರು. 2019ರಲ್ಲಿ ಟೋಕಿಯೊದ ಇಕೆಬುಕುರೊದಲ್ಲಿ 87 ವರ್ಷದ ಚಾಲಕರಿಂದ ಇಂಥದೇ ತಪ್ಪು ನಡೆದು ತಾಯಿ ಮತ್ತು ಮೂರು ವರ್ಷದ ಮಗಳು ಪ್ರಾಣ ಬಿಟ್ಟರು. ಎದುರಿಗೆ ಅಡ್ಡಿ ಇರುವಾಗ ಆಕ್ಸಿಲರೇಟರ್ ಜೋರಾಗಿ ತುಳಿದರೂ ಕಾರು ನುಗ್ಗದಂತೆ ತಡೆಯುವ ಸಾಧನವನ್ನು ಜಪಾನ್ 2028ರಿಂದ ಹೊಸ ಆಟೋಮ್ಯಾಟಿಕ್ ಕಾರುಗಳಿಗೆ ಕಡ್ಡಾಯ ಮಾಡಲಿದೆ.

ಇಂಥ ಅಪಘಾತಗಳಲ್ಲಿ ಮನಸ್ಸು ಆಡುವ ಆಟ ವಿಚಿತ್ರ. ಚಾಲಕರು ಬ್ರೇಕನ್ನೇ ಒತ್ತುತ್ತಿದ್ದೇನೆ ಎಂದು ನಂಬಿರುತ್ತಾರೆ. ಕಾರು ನಿಲ್ಲದಾಗ ಇನ್ನೂ ಜೋರಾಗಿ ಒತ್ತುತ್ತಾರೆ. ಕಾರು ಇನ್ನೂ ಜೋರಾಗಿ ಓಡುತ್ತದೆ.

ಹಾಗಿದ್ದರೆ ಕಾಲುಗಳನ್ನು ಬೇರೆ ಮಾಡುವುದೇ ಸರಿಯಲ್ಲವೇ ಎಂದು ನೀವು ಕೇಳಬಹುದು. ಮೊದಲ ದಿನದಿಂದಲೂ ಎಡಗಾಲಿನಲ್ಲೇ ಕಲಿತು, ಜೀವನಪೂರ್ತಿ ಎರಡು ಪೆಡಲಿನ ಕಾರನ್ನೇ ಓಡಿಸುವವರಿಗೆ ಈ ಮಾತು ಒಪ್ಪಬಹುದೇನೋ. ಶ್ರೀಪೆರುಂಬುದೂರಿನ ಹತ್ತಿರದ ಇರುಂಗಾಟ್ಟುಕೋಟ್ಟೈನಂಥ ರೇಸ್ ಪಥಗಳಲ್ಲಿ ಓಡಿಸುವವರು ಎಡಗಾಲಿನ ಬ್ರೇಕನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿರುತ್ತಾರೆ. ಅಲ್ಲಿ ಎದುರಿಗೆ ಆಟೋ ಬರುವುದಿಲ್ಲ, ಹಸು ಮಲಗಿರುವುದಿಲ್ಲ. ನಮ್ಮ ಮನೆಗಳ ಕಥೆ ಬೇರೆ. ಮನೆಯಲ್ಲಿ ಆಟೋಮ್ಯಾಟಿಕ್, ಊರಿಗೆ ಹೋದರೆ ತಮ್ಮನ ಗೇರಿನ ಕಾರು. ಒಂದೇ ಎಡಗಾಲಿಗೆ ಇಲ್ಲಿ ಒಂದು ಪಾಠ, ಅಲ್ಲಿ ಒಂದು ಪಾಠ ಹೇಳಿಕೊಟ್ಟರೆ ಗಾಬರಿಯ ಕ್ಷಣದಲ್ಲಿ ಅದಕ್ಕೆ ನೆನಪಾಗುವುದು ಹಳೆಯ ಪಾಠವೇ. ಬಲಗಾಲಿಗಾದರೆ ಎರಡು ಕಾರಿನಲ್ಲೂ ಒಂದೇ ಪಾಠ.

ರೂಢಿ ಮಾಡಿಕೊಳ್ಳುವುದು ಹೇಗೆ?

ಬ್ರೇಕನ್ನು ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಚಿರುವಂತೆ ಸೀಟನ್ನು ಮುಂದೆ ಎಳೆದುಕೊಳ್ಳಿ.

ಬಲಗಾಲಿನ ಹಿಮ್ಮಡಿ ಬ್ರೇಕಿನ ನೇರಕ್ಕೆ ನೆಲದ ಮೇಲಿರಲಿ. ಆಕ್ಸಿಲರೇಟರಿಗೆ ಪಾದದ ಮುಂಭಾಗವನ್ನು ಮಾತ್ರ ಬಲಕ್ಕೆ ಹೊರಳಿಸಿ. ಹಿಮ್ಮಡಿ ಬ್ರೇಕಿನ ಮುಂದೆಯೇ ಇದ್ದರೆ ಗಾಬರಿಯಲ್ಲೂ ಪಾದ ತನ್ನ ಜಾಗಕ್ಕೇ ಮರಳುತ್ತದೆ.

ಎಡಗಾಲನ್ನು ಎಡ ತುದಿಯಲ್ಲಿರುವ ಪುಟ್ಟ ಮೆಟ್ಟಿನ ಮೇಲಿಡಿ. ಅದು ಇಲ್ಲದಿದ್ದರೆ ಸೀಟಿನ ಕಡೆಗೆ ಹಿಂದಕ್ಕೆ ಎಳೆದುಕೊಳ್ಳಿ.

ಹಿಮ್ಮುಖವಾಗಿ ಓಡಿಸುವಾಗ ಮೈ ತಿರುಗಿಸುತ್ತೇವೆ, ಅದರ ಜೊತೆ ಕಾಲೂ ಜಾರುತ್ತದೆ. ಮೈ ತಿರುಗಿಸಿ ಕುಳಿತ ಮೇಲೆ ಕಾಲು ಬ್ರೇಕಿನ ಮೇಲಿದೆಯೇ ಎಂದು ಒಮ್ಮೆ ಒತ್ತಿ ನೋಡಿ, ಆಮೇಲೆ ಹೊರಡಿ.

ಫ್ಲೈಓವರ್ ಏರಿನಲ್ಲಿ ನಿಂತಾಗ ಕಾರು ಹಿಂದಕ್ಕೆ ಜಾರುತ್ತದೆಂದು ಎಡಗಾಲನ್ನು ಕರೆಯಬೇಡಿ. ಅದಕ್ಕೆ ಹ್ಯಾಂಡ್‌ಬ್ರೇಕ್ ಇದೆ. ಅನೇಕ ಕಾರುಗಳಲ್ಲಿ ಏರಿನಲ್ಲಿ ಒಂದೆರಡು ಕ್ಷಣ ತಾನೇ ಹಿಡಿದು ನಿಲ್ಲಿಸುವ ಸೌಲಭ್ಯವೂ ಇದೆ.

ಸಡಿಲ ಚಪ್ಪಲಿ ಬೇಡ. ಸೀಟಿನ ಕೆಳಗೆ ಉರುಳುವ ನೀರಿನ ಬಾಟಲಿಯೂ ಬೇಡ.

ವಿದ್ಯುತ್ ಕಾರು ಓಡಿಸುವವರಿಗೆ ಒಂದು ಮಾತು. ಆಕ್ಸಿಲರೇಟರ್ ಬಿಟ್ಟರೆ ಸಾಕು, ವೇಗ ತಾನೇ ಇಳಿಯುವ ಏರ್ಪಾಡು ಅವುಗಳಲ್ಲಿದೆ. ಒಂದೇ ಪೆಡಲಿನಲ್ಲಿ ದಿನವೆಲ್ಲ ಓಡಿಸಿ ಪಾದ ಬ್ರೇಕಿನ ದಾರಿಯನ್ನೇ ಮರೆತೀತು. ಆಗಾಗ ಬ್ರೇಕ್ ಬಳಸುತ್ತಿರಿ.

ಬ್ರೇಕ್ ಒತ್ತಿದ್ದೇನೆ ಎಂದುಕೊಂಡಾಗ ಕಾರು ಮುನ್ನುಗ್ಗಿದರೆ, ಇನ್ನೂ ಜೋರಾಗಿ ಒತ್ತಬೇಡಿ. ಕಾಲನ್ನು ಪೂರ್ತಿ ಎತ್ತಿ, ಮತ್ತೆ ಬ್ರೇಕಿನ ಮೇಲೆ ಇಡಿ. ಗೇರನ್ನು ‘ಎನ್’ಗೆ ತನ್ನಿ. ಇದನ್ನು ಮನೆಯಲ್ಲಿ ಕಾರು ಓಡಿಸುವ ಎಲ್ಲರಿಗೂ ಹೇಳಿಕೊಡಿ.

ಬಲಗಾಲಿಗೆ ಊನ ಇರುವವರಿಗೆ ಈ ನಿಯಮ ಅನ್ವಯಿಸುವುದಿಲ್ಲ. ಎಡಗಾಲಿಗೆ ಆಕ್ಸಿಲರೇಟರ್ ಬರುವಂತೆ ಅಥವಾ ಕೈಯಲ್ಲೇ ಎರಡನ್ನೂ ನಡೆಸುವಂತೆ ಕಾರನ್ನು ಮಾರ್ಪಡಿಸಲು ಸಾಧ್ಯ. ಅದನ್ನು ಬೀದಿ ಬದಿಯ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸದೆ ಆರ್‌ಟಿಓ ಒಪ್ಪಿಗೆಯೊಂದಿಗೆ ಮಾಡಿಸಬೇಕು.

ಕೊನೆಯದಾಗಿ, ಮಂಡಿನೋವು ಎಂದು ಅಪ್ಪನಿಗೋ ಅಮ್ಮನಿಗೋ ಆಟೋಮ್ಯಾಟಿಕ್ ಕಾರು ಕೊಡಿಸುವ ಮಕ್ಕಳಲ್ಲಿ ಒಂದು ವಿನಂತಿ. ಕೀಲಿ ಕೈಗೆ ಕೊಟ್ಟ ದಿನವೇ ಅವರನ್ನು ಆರ್ಕಾಟ್ ರಸ್ತೆಗೆ ಕಳುಹಿಸಬೇಡಿ. ನಾಲ್ಕಾರು ಭಾನುವಾರ ಬೆಳಿಗ್ಗೆ ಖಾಲಿ ಮೈದಾನಕ್ಕೆ ಕರೆದುಕೊಂಡು ಹೋಗಿ, ಪಕ್ಕದಲ್ಲಿ ಕುಳಿತು, ಹೊರಡುವುದು, ನಿಲ್ಲುವುದು, ಹಿಂದಕ್ಕೆ ಬರುವುದು, ಇಷ್ಟನ್ನೇ ಮತ್ತೆ ಮತ್ತೆ ಮಾಡಿಸಿ. ಎಡಗಾಲು ಮೇಲೇಳದೆ ಸುಮ್ಮನಿದೆ ಎಂದು ನಿಮಗೆ ಖಾತ್ರಿಯಾದ ಮೇಲೆ ರಸ್ತೆಗೆ ಇಳಿಯಲಿ. ಅಷ್ಟು ವರ್ಷ ನಮ್ಮನ್ನು ಜೋಪಾನವಾಗಿ ಕರೆದುಕೊಂಡು ಹೋದವರಿಗೆ ಇಷ್ಟು ಸಮಯ ಕೊಡುವುದು ದೊಡ್ಡದಲ್ಲ.