ದೆವ್ವ ಇದೆಯೋ ಇಲ್ಲವೋ, ಬಿದ್ದ ಏಟು ಮಾತ್ರ ನಿಜ!

ಹರಪನಹಳ್ಳಿ: ಅಮಾವಾಸ್ಯೆ ಸಂಜೆ. ಬಸ್ ನಿಲ್ದಾಣದ ಸುತ್ತಿನ ಅಂಗಡಿಗಳ ಬಾಗಿಲಿಗೆ ಹೊಸ ನಿಂಬೆಹಣ್ಣು, ಮೆಣಸಿನಕಾಯಿ ತೂಗಿವೆ. ರಸ್ತೆ ತುಂಬ ಒಡೆದ ಕುಂಬಳಕಾಯಿ. ಕೊಟ್ಟೂರು ಕಡೆಯ ಬಸ್ಸಿನ ಸುಳಿವಿಲ್ಲ. ಮಿರ್ಚಿ, ಮಂಡಕ್ಕಿ ಮುಂದಿಟ್ಟುಕೊಂಡು ಕೂತವರ ನಡುವೆ ಮಾತು ಎಲ್ಲೆಲ್ಲೋ ಸುತ್ತಿ ಕಡೆಗೆ ಅಲ್ಲಿಗೇ ಬರುತ್ತದೆ.

“ದೆವ್ವ ಇಲ್ಲ ಅನ್ನಾಕ ನೀ ಯಾರಲೇ ತಮ್ಮಾ? ನಮ್ಮ ಸ್ವಾದರಮಾವ ಕಣ್ಣಾರೆ ನೋಡ್ಯಾನ. ಹುಣಸಿಮರದ ಬುಡಕ ಬಿಳಿ ಸೀರಿ ಉಟ್ಕೊಂಡು ನಿಂತಿತ್ತಂತ!”

“ಅಲ್ಲಣ್ಣಾ, ನಿಮ್ಮ ಮಾವ ಅವತ್ತು ಸಂತಿ ಮುಗಿಸ್ಕೊಂಡು ಬಂದಿದ್ನೋ, ಸೆರೆ ಅಂಗಡಿ ಮುಗಿಸ್ಕೊಂಡು ಬಂದಿದ್ನೋ?”

ನಗೆ ಏಳುತ್ತದೆ. ಆದರೆ ನಕ್ಕವನೂ ರಾತ್ರಿ ಒಬ್ಬನೇ ಆ ಹುಣಸೆಮರದ ಕೆಳಗೆ ಸೈಕಲ್ ಹೊಡೆಯುವಾಗ ಪೆಡಲು ಜೋರಾಗಿ ತುಳಿಯುತ್ತಾನೆ. ಹಗಲು ಇಲ್ಲ, ರಾತ್ರಿ ಇದೆ. ದೆವ್ವದ ವಿಚಾರದಲ್ಲಿ ಬಹಳ ಜನರ ನಿಲುವು ಇಷ್ಟೇ.

ಕಂಡವರು ಯಾರು?

ಒಂದು ವಿಚಿತ್ರ ಗಮನಿಸಬೇಕು. ದೆವ್ವ ಕಂಡವನು ಸಾಮಾನ್ಯವಾಗಿ ಎದುರಿಗೆ ಕೂತಿರುವುದಿಲ್ಲ. ಮಾವ ಕಂಡಿರುತ್ತಾನೆ, ಮಾವನ ಬೀಗ ಕಂಡಿರುತ್ತಾನೆ, ಇಲ್ಲವೆ ಹತ್ತು ವರ್ಷದ ಹಿಂದೆ ತೀರಿಕೊಂಡ ಅಜ್ಜ ಕಂಡಿರುತ್ತಾನೆ.

1990ರ ದಶಕದಲ್ಲಿ ಬೆಂಗಳೂರೂ ಸೇರಿದಂತೆ ರಾಜ್ಯದ ಹಲವು ಊರುಗಳಲ್ಲಿ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ನೆನಪಿರಬಹುದು. ರಾತ್ರಿ ಹೊತ್ತು ಮನೆಯವರ ದನಿಯಲ್ಲೇ ಕರೆಯುವ ಹೆಣ್ಣು ದೆವ್ವ ಅದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದರೂ ಅದೇ ಬರಹ ಎಂಬುದು ನಂಬಿಕೆ. ಸುಣ್ಣ, ಇದ್ದಿಲಿಗೆ ಒಳ್ಳೇ ಗಿರಾಕಿ ಬಂತು. ಆ ಹೆಣ್ಣನ್ನು ಹಿಡಿದು ತೋರಿಸಿದವರು ಯಾರೂ ಇಲ್ಲ. ಅದು ಓದು ಬರಹ ಕಲಿತದ್ದು ಯಾವ ಶಾಲೆಯಲ್ಲಿ ಎಂದು ಕೇಳಿದವರೂ ಇಲ್ಲ!

ಕೇಳಿದವರು ಬೇರೆ ಇದ್ದರು. ಕೇರಳದಲ್ಲಿ ಹುಟ್ಟಿ ಶ್ರೀಲಂಕಾದಲ್ಲಿ ಮೇಷ್ಟರಾಗಿದ್ದ ಅಬ್ರಹಾಂ ಕೋವೂರ್ ದೆವ್ವದ ಮನೆಗಳೆಂದು ಹೆಸರಾದ ಕಡೆ ಹೋಗಿ ಮಲಗಿ ಎದ್ದು ಬರುತ್ತಿದ್ದರು. ವಂಚನೆಗೆ ಎಡೆಯಿಲ್ಲದಂತೆ ಪವಾಡ ಮಾಡಿ ತೋರಿಸಿದವರಿಗೆ ಒಂದು ಲಕ್ಷ ರೂಪಾಯಿ ಎಂದು 1963ರಲ್ಲಿ ಪಂಥ ಕಟ್ಟಿದರು. 1978ರಲ್ಲಿ ಅವರು ತೀರಿಕೊಳ್ಳುವವರೆಗೂ ಆ ಹಣ ಯಾರ ಪಾಲಿಗೂ ಹೋಗಲಿಲ್ಲ. ನಮ್ಮಲ್ಲೂ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡ ಮತ್ತು ಮೂಢನಂಬಿಕೆಗಳ ಪರೀಕ್ಷೆಗೆ 1976ರಲ್ಲಿ ಸಮಿತಿಯನ್ನೇ ನೇಮಿಸಿದರು. ಪ್ರಶ್ನೆ ಕೇಳಿ ಎಂಬುದು ಅವರ ಬುದ್ಧಿವಾದ.

ಹಾಗಾದರೆ ಕಂಡದ್ದೇನು?

‘ಇಲ್ಲ ಕಣಪ್ಪ, ಎಲ್ಲಾ ಸುಳ್ಳು’ ಎಂದು ತಳ್ಳಿಹಾಕುವುದೂ ಸರಿಯಲ್ಲ. ಕೆಲವರು ನಿಜವಾಗಿಯೇ ಏನೋ ಕಂಡಿರುತ್ತಾರೆ. ಏನದು ಎಂಬುದು ಪ್ರಶ್ನೆ.

ರಾತ್ರಿ ಪಾಳಿ ಮುಗಿಸಿ ದಣಿದು ಮಲಗಿದ ಡ್ರೈವರ್ ಬೆಳಗಿನ ಜಾವ ಕಣ್ಣು ಬಿಡುತ್ತಾನೆ. ಕೈ ಕಾಲು ಆಡುವುದಿಲ್ಲ. ದನಿ ಹೊರಡುವುದಿಲ್ಲ. ಎದೆ ಮೇಲೆ ಯಾರೋ ಕೂತು ಅಮುಕಿದಂತೆ, ಬಾಗಿಲ ಹತ್ತಿರ ಯಾರೋ ನಿಂತಂತೆ. ಬೆವರಿಳಿಯುತ್ತದೆ. ‘ದೆವ್ವ ತುಳೀತು’ ಎನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಕನಸು ಬೀಳುವ ಹೊತ್ತಿನಲ್ಲಿ ನಾವು ಎದ್ದು ಓಡದಿರಲೆಂದು ಮೈಯ ಸ್ನಾಯುಗಳನ್ನು ಮೆದುಳು ಸಡಿಲ ಬಿಟ್ಟಿರುತ್ತದೆ. ಒಮ್ಮೊಮ್ಮೆ ಎಚ್ಚರ ಮೊದಲು ಬಂದು, ಮೈ ಆಮೇಲೆ ಏಳುತ್ತದೆ. ಆ ಕೆಲವು ಸೆಕೆಂಡು, ಹೆಚ್ಚೆಂದರೆ ಒಂದೆರಡು ನಿಮಿಷ, ಅರ್ಧ ಕನಸು ಅರ್ಧ ಎಚ್ಚರ. ನಿದ್ದೆಗೆಟ್ಟವರಿಗೆ, ಅಂಗಾತ ಮಲಗಿದವರಿಗೆ ಇದು ಹೆಚ್ಚು. ಮಗ್ಗುಲಾಗಿ ಮಲಗಿ, ಹೊತ್ತಿಗೆ ಸರಿಯಾಗಿ ನಿದ್ದೆ ಮಾಡಿದರೆ ಈ ‘ದೆವ್ವ’ ಬರುವುದು ಕಡಿಮೆಯಾಗುತ್ತದೆ.

ಹೊಲದಂಚಿನಲ್ಲಿ ಹಾರಾಡುವ ಕೊಳ್ಳಿದೆವ್ವದ ಕತೆಯೂ ಕೇಳಿ. ಗಾಢ ಕತ್ತಲಲ್ಲಿ ದೂರದ ಒಂದೇ ದೀಪವನ್ನು ಎವೆಯಿಕ್ಕದೆ ನೋಡಿದರೆ ಅದು ತಾನಾಗಿ ಅತ್ತಿತ್ತ ಓಡಾಡಿದಂತೆ ಕಾಣುತ್ತದೆ. ದೀಪ ಇದ್ದಲ್ಲೇ ಇರುತ್ತದೆ. ಕತ್ತಲಲ್ಲಿ ಕಣ್ಣಿಗೆ ಅಳತೆ ಸಿಗುವುದಿಲ್ಲ, ಅಷ್ಟೆ. ಮೋಟಾರ್ ಬಿಡಲು ಹೋದ ರೈತನ ಬ್ಯಾಟರಿಯೇ ಎಷ್ಟೋ ಸಲ ಕೊಳ್ಳಿದೆವ್ವವಾಗಿರುತ್ತದೆ.

ಇನ್ನು ಮಲ್ಲಿಗೆ ವಾಸನೆ. ರಾತ್ರಿ ದಾರಿಯಲ್ಲಿ ಘಮ್ಮೆಂದರೆ ಮೋಹಿನಿ ಎಂದು ಲೆಕ್ಕ. ಆದರೆ ಹೂವಿನಹಡಗಲಿ ರಸ್ತೆಯಲ್ಲಿ ಮಲ್ಲಿಗೆ ವಾಸನೆ ಬಂದರೆ ಮೊದಲು ಮುಂದಿನ ಬಸ್ಸಿನ ಟಾಪ್ ಮೇಲಿನ ಬುಟ್ಟಿ ನೋಡುವುದು ಒಳ್ಳೆಯದು!

ನಗುವಂಥದ್ದಲ್ಲದ ಒಂದು ಸಂಗತಿಯೂ ಇದೆ. 1921ರಲ್ಲಿ ಅಮೆರಿಕದ ಕಣ್ಣಿನ ವೈದ್ಯರ ಪತ್ರಿಕೆಯೊಂದರಲ್ಲಿ ಒಂದು ಮನೆಯ ವೃತ್ತಾಂತ ಅಚ್ಚಾಯಿತು. ಆ ಮನೆಗೆ ಬಂದ ಕುಟುಂಬಕ್ಕೆ ರಾತ್ರಿ ಹೆಜ್ಜೆ ಸಪ್ಪಳ, ಕಪ್ಪು ಬಟ್ಟೆಯ ಹೆಂಗಸು, ಎಲ್ಲರಿಗೂ ತಲೆನೋವು. ಕುಂಡದ ಗಿಡಗಳೂ ಬಾಡಿದವು. ಕಡೆಗೆ ನೋಡಿದರೆ ಮನೆ ಬಿಸಿ ಮಾಡುವ ಒಲೆ ಕೆಟ್ಟು ಅದರ ವಿಷಗಾಳಿ, ಕಾರ್ಬನ್ ಮಾನಾಕ್ಸೈಡ್, ಕೋಣೆಗೆ ನುಗ್ಗುತ್ತಿತ್ತು. ಒಲೆ ರಿಪೇರಿಯಾಯಿತು, ದೆವ್ವ ಹೋಯಿತು. ಚಳಿಗಾಲದಲ್ಲಿ ಕಿಟಕಿ ಮುಚ್ಚಿ ಇದ್ದಿಲ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗುವವರು ಇದನ್ನು ಮರೆಯಬಾರದು. ಈ ಗಾಳಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಜೀವವನ್ನೇ ತೆಗೆಯುತ್ತದೆ.

ಸೊಸೆಗೇ ಯಾಕೆ ಬಡಿಯುತ್ತದೆ?

ಇಲ್ಲಿಯವರೆಗಿನದು ಕಂಡ ದೆವ್ವದ ಮಾತು. ಹುಣಸೆಮರದಲ್ಲಿದ್ದರೆ ಇರಲಿ, ಯಾರಿಗೂ ನಷ್ಟವಿಲ್ಲ. ತೊಂದರೆ ಶುರುವಾಗುವುದು ಅದು ಮನುಷ್ಯರ ಮೈಮೇಲೆ ಬಂದಾಗ.

ಯಾವ ಹೋಬಳಿಗೆ ಹೋದರೂ ಈ ಕತೆ ಒಂದೇ ತೆರ. ಮದುವೆಯಾಗಿ ಬಂದ ಹುಡುಗಿ. ದಿನಾ ಹೊಲ, ಒಲೆ, ನೀರು. ತವರಿಗೆ ಹೋಗಲು ಅಪ್ಪಣೆಯಿಲ್ಲ. ಮಕ್ಕಳಾಗಿಲ್ಲ ಎಂಬ ಚುಚ್ಚುಮಾತು. ಒಂದು ದಿನ ಕೂದಲು ಬಿಚ್ಚಿ, ಗಡಸು ದನಿಯಲ್ಲಿ ಅತ್ತೆಯನ್ನೇ ಏಕವಚನದಲ್ಲಿ ಕರೆಯುತ್ತಾಳೆ. ‘ಗಾಳಿ ಸೋಕೈತಿ’ ಎಂದು ಓಣಿಯೆಲ್ಲ ಸೇರುತ್ತದೆ. ಬಿಡಿಸುವವನು ಬಂದು ಬೇವಿನ ಬರಲು ಹಿಡಿದು ಕೇಳುತ್ತಾನೆ: “ಯಾರು ನೀನು? ಎಲ್ಲಿಂದ ಬಂದೀ? ಏನು ಬೇಕು ನಿನಗ?”

ಈ ಮೂರು ಪ್ರಶ್ನೆಗಳನ್ನು ಆ ಹುಡುಗಿಗೆ ಮದುವೆಯಾದಾಗಿನಿಂದ ಯಾರೂ ಕೇಳಿರುವುದಿಲ್ಲ! ದೆವ್ವಕ್ಕೆ ಕೇಳುತ್ತಾರೆ. ಅದು ಹೇಳುತ್ತದೆ: ಹೋಳಿಗೆ ಬೇಕು, ಹಸಿರು ಸೀರೆ ಬೇಕು, ತವರಿಗೆ ಕಳಿಸಿ. ನಿನ್ನೆ ಬೈದವರೇ ಇವತ್ತು ಕೈ ಮುಗಿಯುತ್ತಾರೆ. ಇದನ್ನು ನಾಟಕ ಎಂದುಕೊಳ್ಳಬಾರದು. ಬಾಯಿ ಕಟ್ಟಿದ ದುಃಖ ತನಗೇ ತಿಳಿಯದೆ ಬೇರೊಂದು ದನಿಯಲ್ಲಿ ಹೊರಬರುವುದೂ ಉಂಟು ಎನ್ನುತ್ತಾರೆ ಮನೋವೈದ್ಯರು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಪಶ್ಚಿಮ ಕರ್ನಾಟಕದ ಹಳ್ಳಿಗಳಲ್ಲಿ ಮೈಮೇಲೆ ಬರುವವರ ಸಮೀಕ್ಷೆ ನಡೆಸಿ 1981ರಲ್ಲಿ ಪ್ರಕಟಿಸಿದರು. ಕನ್ನಡದಲ್ಲಿ ಮನಸ್ಸಿನ ಕಾಯಿಲೆಗಳ ಬಗ್ಗೆ ಸರಳವಾಗಿ ಬರೆಯುತ್ತ ಬಂದ ಡಾ. ಸಿ.ಆರ್. ಚಂದ್ರಶೇಖರ್ ಅದರಲ್ಲಿ ಒಬ್ಬರು.

ಎಲ್ಲವೂ ಹೋಳಿಗೆ, ಸೀರೆಗೆ ಮುಗಿಯುವುದಿಲ್ಲ. ಹೆರಿಗೆಯಾಗಿ ಎರಡು ವಾರದೊಳಗೆ ಬಾಣಂತಿ ನಿದ್ದೆ ಬಿಟ್ಟು ಏನೇನೋ ಮಾತಾಡತೊಡಗಿದರೆ ಅದು ಬಾಣಂತಿ ಸನ್ನಿ. ಸಾವಿರ ಹೆರಿಗೆಗೆ ಒಂದೋ ಎರಡೋ ಕಂಡುಬರುವ ಕಾಯಿಲೆ. ಬೇಗ ಆಸ್ಪತ್ರೆ ಸೇರಿಸಿದರೆ ಗುಣವಾಗುತ್ತದೆ. ತಡಮಾಡಿದರೆ ತಾಯಿ, ಕೂಸು ಎರಡಕ್ಕೂ ಅಪಾಯ. ಕೈಗೆ ಕಬ್ಬಿಣ ಕೊಟ್ಟು, ಮೂಗಿಗೆ ಈರುಳ್ಳಿ ಹಿಡಿಯುವ ಮೂರ್ಛೆ ರೋಗಕ್ಕೂ ಮಾತ್ರೆ ಇದೆ. ಸರಿಯಾಗಿ ನುಂಗಿದರೆ ನೂರರಲ್ಲಿ 70 ಮಂದಿ ಫಿಟ್ಸ್ ಇಲ್ಲದೆ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಆದರೆ ಈ ಮಾತ್ರೆ ತಲುಪುವ ಮೊದಲು ಬರಲು ತಲುಪಿರುತ್ತದೆ. ಮೆಣಸಿನಕಾಯಿ ಹೊಗೆ ತಲುಪಿರುತ್ತದೆ. ಕೋಳಿ, ಕುರಿ, ತಾಯತ, ಬಾಡಿಗೆ ಗಾಡಿ ಎಂದು ಮನೆಯ ಜೋಳದ ಚೀಲಗಳು ಖಾಲಿಯಾಗಿರುತ್ತವೆ. ‘ನಾನು ಹೊಡದದ್ದು ದೆವ್ವಕ್ಕ’ ಎನ್ನುತ್ತಾನೆ ಬಿಡಿಸುವವನು. ಬಾಸುಂಡೆ ಎದ್ದಿರುವುದು ಹುಡುಗಿಯ ಬೆನ್ನ ಮೇಲೆ.

ದೇಶಕ್ಕೆ ದಾರಿ ತೋರಿದ್ದು ನಮ್ಮ ಜಿಲ್ಲೆ!

ಈಗ ಕೇಳಿ, ಇಲ್ಲಿನ ಜನರಿಗೇ ಅಷ್ಟಾಗಿ ಗೊತ್ತಿಲ್ಲದ ವಿಷಯ. ಮನಸ್ಸಿನ ಕಾಯಿಲೆಗೆ ಬೆಂಗಳೂರು, ಧಾರವಾಡಕ್ಕೇ ಹೋಗಬೇಕಿದ್ದ ಕಾಲ. 1985ರಲ್ಲಿ ನಿಮ್ಹಾನ್ಸ್ ಒಂದು ಪ್ರಯೋಗಕ್ಕೆ ಕೈ ಹಾಕಿತು. ದೊಡ್ಡ ಆಸ್ಪತ್ರೆಗೆ ರೋಗಿಯನ್ನು ಕರೆಸುವ ಬದಲು ಚಿಕಿತ್ಸೆಯನ್ನೇ ಹಳ್ಳಿಗೆ ಕಳಿಸಿದರೆ ಹೇಗೆ? ಅದಕ್ಕೆ ಆರಿಸಿಕೊಂಡದ್ದು ಬೆಂಗಳೂರಿನಿಂದ ದೂರದ, ಹಿಂದುಳಿದ ಬಳ್ಳಾರಿ ಜಿಲ್ಲೆಯನ್ನು. ಹರಪನಹಳ್ಳಿ ಆಗ ಅದೇ ಜಿಲ್ಲೆಯಲ್ಲಿತ್ತು.

ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೆ ತರಬೇತಿ ಕೊಟ್ಟರು. ಮನೆ ಮನೆ ತಿರುಗುವ ಆರೋಗ್ಯ ಕಾರ್ಯಕರ್ತರಿಗೆ ಲಕ್ಷಣ ಗುರುತಿಸುವುದನ್ನು ಕಲಿಸಿದರು. ಹುಚ್ಚು, ಖಿನ್ನತೆ, ಮೂರ್ಛೆಗೆ ಬೇಕಾದ ಕೆಲವೇ ಮಾತ್ರೆಗಳನ್ನು ಊರಿನ ಹತ್ತಿರವೇ ಇಟ್ಟರು. ಮೇಲುಸ್ತುವಾರಿಗೆ ಜಿಲ್ಲಾ ಕೇಂದ್ರದಲ್ಲಿ ಮನೋವೈದ್ಯರಿದ್ದರು. ಇಷ್ಟೇ ಏರ್ಪಾಡು. ನೆಗಡಿ, ಜ್ವರಕ್ಕೆ ಮಾತ್ರೆ ಕೊಡುವ ಡಾಕ್ಟರೇ ‘ಗಾಳಿ’ಗೂ ಮಾತ್ರೆ ಕೊಡಬಹುದು ಎಂಬುದು ಸಿದ್ಧವಾಯಿತು. ಇದಕ್ಕೆ ‘ಬಳ್ಳಾರಿ ಮಾದರಿ’ ಎಂದೇ ಹೆಸರು ಬಂತು. 1996ರಲ್ಲಿ ಕೇಂದ್ರ ಸರ್ಕಾರ ಇದನ್ನೇ ಮೇಲ್ಪಂಕ್ತಿಯಾಗಿ ಹಿಡಿದು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುಮಾಡಿತು. ಈಗ ಅದು ದೇಶದ 700ಕ್ಕೂ ಹೆಚ್ಚು ಜಿಲ್ಲೆಗಳಿಗೆ ಹಬ್ಬಿದೆ.

ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿತು. ಜಿಲ್ಲೆ ಮೂರು ಸಲ ಬದಲಾಯಿತು. ಹುಣಸೆಮರದ ದೆವ್ವ ಮಾತ್ರ ಜಾಗ ಬಿಟ್ಟು ಕದಲಲಿಲ್ಲ! ಲೋಕಕ್ಕೆ ದಾರಿ ತೋರಿದ ನೆಲದಲ್ಲೇ ಇವತ್ತಿಗೂ ಸೊಸೆಯನ್ನು ಕಂಬಕ್ಕೆ ಕಟ್ಟುವವರಿದ್ದರೆ ತಪ್ಪು ಯಾರದು?

ದೇವರೂ ಇರಲಿ, ಮಾತ್ರೆಯೂ ಇರಲಿ

‘ಹಂಗಾದ್ರ ದೇವರಿಗೆ ಹೋಗಬಾರದೇನ್ರಿ?’ ಎಂದು ಕೇಳುವವರಿದ್ದಾರೆ. ಉಚ್ಚಂಗಿದುರ್ಗಕ್ಕೆ ಹೋಗಿ, ಕೊಟ್ಟೂರಿಗೆ ಹೋಗಿ, ಗಾಣಗಾಪುರಕ್ಕೂ ಹೋಗಿ. ಕೈ ಮುಗಿದರೆ ಮನಸ್ಸಿಗೆ ಧೈರ್ಯ. ಗುಜರಾತಿನ ಉನಾವಾ ಊರಿನ ಮೀರಾ ದಾತಾರ್ ದರ್ಗಾದಲ್ಲಿ ದೆವ್ವ ಬಿಡಿಸಿಕೊಳ್ಳಲು ಬಂದವರಿಗೆ ಅಲ್ಲಿಯ ಮುಜಾವರರೇ ವೈದ್ಯರ ಕೋಣೆ ತೋರಿಸುವ ಏರ್ಪಾಡಾಗಿದೆ. ದುವಾ ಜೊತೆಗೆ ದವಾ, ಹರಕೆಯ ಜೊತೆಗೆ ಮಾತ್ರೆ.

ಇದಕ್ಕೆ ಎದುರಿನ ಚಿತ್ರವೂ ಇದೆ. 2001ರ ಆಗಸ್ಟ್ 6ರ ಬೆಳಗಿನ ಜಾವ ತಮಿಳುನಾಡಿನ ಏರವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇಟ್ಟಿದ್ದ ಗುಡಿಸಲಿಗೆ ಬೆಂಕಿ ಬಿತ್ತು. ಸರಪಳಿ ಬಿಗಿದಿದ್ದರಿಂದ ಓಡಲಾಗದೆ 28 ಮಂದಿ ಸತ್ತರು. ಅವರನ್ನು ಕಟ್ಟಿದ್ದು ಮನುಷ್ಯರು.

ಕಾನೂನು ಈಗ ಗಟ್ಟಿಯಾಗಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಮಾನಸಿಕ ರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಯಲ್ಲಿ ಕಟ್ಟುವಂತಿಲ್ಲ. ವಾಮಾಚಾರ ತಡೆ ಕಾಯ್ದೆ ಎಂದು ಹೆಸರಾದ ನಮ್ಮ ರಾಜ್ಯದ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿಹಾಕುವುದು, ಹೊಡೆಯುವುದು, ಮೆಣಸಿನಕಾಯಿ ಹೊಗೆ ಹಾಕುವುದು, ಚಪ್ಪಲಿ ನೆನೆಸಿದ ನೀರು ಕುಡಿಸುವುದು ಎಲ್ಲವೂ ಅಪರಾಧ. ಒಂದರಿಂದ ಏಳು ವರ್ಷ ಜೈಲು, ಮೇಲೆ ದಂಡ. ಕುಮ್ಮಕ್ಕು ಕೊಟ್ಟವರೂ ಇದರಲ್ಲಿ ಸಿಕ್ಕಿಬೀಳುತ್ತಾರೆ. ಪೂಜೆ, ಜಾತ್ರೆ, ಪ್ರದಕ್ಷಿಣೆಗೆ ಇದರಿಂದ ಅಡ್ಡಿಯಿಲ್ಲ.

ಮನೆಯಲ್ಲಿ ಇಂಥ ತೊಂದರೆ ಕಂಡರೆ ಮೊದಲು ತಾಲ್ಲೂಕು ಆಸ್ಪತ್ರೆ. ಮನೋವೈದ್ಯರು ಯಾವ ದಿನ ಬರುತ್ತಾರೆಂದು ಅಲ್ಲೇ ವಿಚಾರಿಸಬಹುದು. ದೂರದವರು 14416ಕ್ಕೆ ಫೋನ್ ಮಾಡಬಹುದು. 2022ರಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ ಇದು, ಕಾಸಿಲ್ಲ. ಕನ್ನಡದಲ್ಲೇ ಮಾತಾಡಬಹುದು.

ಅಷ್ಟರಲ್ಲಿ ಕೊಟ್ಟೂರು ಬಸ್ಸು ಬರುತ್ತದೆ. ವಾದ ಅರ್ಧಕ್ಕೇ ನಿಲ್ಲುತ್ತದೆ. ದೆವ್ವ ಇದೆಯೋ ಇಲ್ಲವೋ ಎಂಬ ಜಗಳ ಮುಂದಿನ ಅಮಾವಾಸ್ಯೆಗೂ ಇದ್ದೇ ಇರುತ್ತದೆ, ಮಿರ್ಚಿ ಮಂಡಕ್ಕಿಯೂ ಇರುತ್ತದೆ. ಆದರೆ ಮನೆಯಲ್ಲಿ ಒಬ್ಬಳು ಹುಡುಗಿ ಕೂದಲು ಬಿಚ್ಚಿ ಕೂತಿದ್ದರೆ ಆ ಜಗಳ ಮುಗಿಯುವವರೆಗೆ ಕಾಯಬಾರದು. ಅವಳನ್ನು ನಾಳೆ ಬೆಳಿಗ್ಗೆಯ ಮೊದಲ ಬಸ್ಸಿಗೇ ಆಸ್ಪತ್ರೆಗೆ ಕರೆತನ್ನಿ.