ಶಿಲೀಂಧ್ರಗಳಿಂದ ಕೈಗಾರಿಕಾ ತ್ಯಾಜ್ಯನೀರಿನ ಶುದ್ಧೀಕರಣ

ಶಿಲೀಂಧ್ರಗಳನ್ನು ಅಥವಾ ಅವು ಸ್ರವಿಸುವ ಕಿಣ್ವಗಳನ್ನು ಬಳಸಿ ಕಾರ್ಖಾನೆಗಳ ತ್ಯಾಜ್ಯನೀರಿನಿಂದ ಬಣ್ಣ, ಫೀನಾಲ್ ಮುಂತಾದ ಮಾಲಿನ್ಯಕಾರಕಗಳನ್ನು ತೆಗೆಯುವುದು ಒಂದು ಜೈವಿಕ ಶುದ್ಧೀಕರಣ ವಿಧಾನ. ಜವಳಿ, ಕಾಗದ ಹಾಗೂ ಮದ್ಯಸಾರ ಕಾರ್ಖಾನೆಗಳ ತ್ಯಾಜ್ಯನೀರಿನ ಮೇಲೆ ಇದರ ಪ್ರಯೋಗಗಳು ಹೆಚ್ಚಾಗಿ ನಡೆದಿವೆ.

ಹಿನ್ನೆಲೆ

ಬಟ್ಟೆಗೆ ಹಾಕುವ ಕೃತಕ ಬಣ್ಣಗಳನ್ನು ಒಗೆತಕ್ಕೂ ಬಿಸಿಲಿಗೂ ಮಾಸದಂತೆ ತಯಾರಿಸಲಾಗುತ್ತದೆ. ಆದ್ದರಿಂದಲೇ ಗಾಳಿಯಾಡಿಸುವ ತೊಟ್ಟಿಗಳಲ್ಲಿರುವ ಬ್ಯಾಕ್ಟೀರಿಯಾಗಳು ಅವುಗಳನ್ನು ಸುಲಭವಾಗಿ ವಿಘಟಿಸಲಾರವು. ಆಮ್ಲಜನಕವಿಲ್ಲದ ಸ್ಥಿತಿಯಲ್ಲಿ ಬ್ಯಾಕ್ಟೀರಿಯಾಗಳು ಅಜೋ ಬಣ್ಣಗಳ ಸಾರಜನಕ ಬಂಧವನ್ನು ಮುರಿಯುತ್ತವೆ, ನೀರು ತಿಳಿಯಾಗುತ್ತದೆ. ಆದರೆ ಆಗ ಉಂಟಾಗುವ ಆರೊಮ್ಯಾಟಿಕ್ ಅಮೈನ್‌ಗಳಲ್ಲಿ ಕೆಲವು ಕ್ಯಾನ್ಸರ್‌ಕಾರಕಗಳು. ಬಣ್ಣ ಹೋದ ಮಾತ್ರಕ್ಕೆ ನೀರು ಶುದ್ಧವಾಯಿತೆಂದು ಹೇಳಲಾಗದು.

ಕಾರ್ಯವಿಧಾನ

ಕಾಡಿನಲ್ಲಿ ಬಿದ್ದ ಮರವನ್ನು ಬೆಳ್ಳಗೆ, ಮೆತ್ತಗೆ ಮಾಡಿ ಕೊಳೆಸುವ ಶಿಲೀಂಧ್ರಗಳಿಗೆ ಬಿಳಿಕೊಳೆ ಶಿಲೀಂಧ್ರಗಳೆಂದು ಹೆಸರು. ಟ್ರಾಮೆಟಿಸ್ ವರ್ಸಿಕಲರ್ ಮತ್ತು ಫ್ಯಾನೆರೊಕೀಟೆ ಕ್ರೈಸೊಸ್ಪೋರಿಯಂ ಇವುಗಳಲ್ಲಿ ಮುಖ್ಯವಾದವು. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಬಹು ದೊಡ್ಡದಾದ, ಕ್ರಮವಿಲ್ಲದ ರಚನೆಯುಳ್ಳ ಅಣು. ಅದು ಜೀವಕೋಶದೊಳಕ್ಕೆ ಹೋಗಲಾರದು. ಹೀಗಾಗಿ ಈ ಶಿಲೀಂಧ್ರಗಳು ಕಿಣ್ವಗಳನ್ನೇ ಹೊರಕ್ಕೆ ಸ್ರವಿಸುತ್ತವೆ. ಲಿಗ್ನಿನ್ ಪೆರಾಕ್ಸಿಡೇಸ್, ಮ್ಯಾಂಗನೀಸ್ ಪೆರಾಕ್ಸಿಡೇಸ್ ಮತ್ತು ಲ್ಯಾಕೇಸ್ ಅಂತಹ ಕಿಣ್ವಗಳು. ಮೊದಲೆರಡಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಬೇಕು. ಲ್ಯಾಕೇಸ್‌ಗೆ ನೀರಿನಲ್ಲಿ ಕರಗಿದ ಆಮ್ಲಜನಕವೇ ಸಾಕು. ಲಿಗ್ನಿನ್ ಪೆರಾಕ್ಸಿಡೇಸ್ ಪತ್ತೆಯಾದದ್ದು 1983ರಲ್ಲಿ. ಲ್ಯಾಕೇಸ್ ಅದಕ್ಕಿಂತ ನೂರು ವರ್ಷ ಹಿಂದೆ, 1883ರಲ್ಲಿ, ಜಪಾನಿನ ಅರಗು ಮರದ ರಸದಲ್ಲಿ ಕಂಡುಬಂದಿತ್ತು.

ಅನೇಕ ಕಿಣ್ವಗಳು ಒಂದು ನಿರ್ದಿಷ್ಟ ಅಣುವಿನ ಮೇಲಷ್ಟೇ ವರ್ತಿಸುತ್ತವೆ. ಈ ಕಿಣ್ವಗಳಿಗೆ ಅಂತಹ ಕಟ್ಟುನಿಟ್ಟಿಲ್ಲ. ಎಲೆಕ್ಟ್ರಾನುಗಳನ್ನು ಕಸಿದು ಅಣುವನ್ನು ಅಸ್ಥಿರಗೊಳಿಸುವ ಇವು ಲಿಗ್ನಿನ್ನನ್ನು ಹೋಲುವ ಉಂಗುರ ರಚನೆಯ ಬಣ್ಣಗಳನ್ನೂ ಒಡೆಯುತ್ತವೆ.

ಸತ್ತ ಶಿಲೀಂಧ್ರಗಳೂ ಉಪಯುಕ್ತ. ಆಸ್ಪರ್ಜಿಲಸ್ ನೈಗರ್‌ನಂತಹವುಗಳ ಕೋಶಭಿತ್ತಿಯಲ್ಲಿರುವ ಕೈಟಿನ್ ಬಣ್ಣವನ್ನೂ ಭಾರಲೋಹಗಳನ್ನೂ ಹಿಡಿದಿಡುತ್ತದೆ. ಇಲ್ಲಿ ವಿಷವಸ್ತು ನಾಶವಾಗುವುದಿಲ್ಲ, ನೀರಿನಿಂದ ಶಿಲೀಂಧ್ರಕ್ಕೆ ವರ್ಗವಾಗುತ್ತದೆ ಅಷ್ಟೇ. ಉಳಿದ ರಾಶಿಯ ವಿಲೇವಾರಿ ಪ್ರತ್ಯೇಕ ಸಮಸ್ಯೆ.

ಬಳಕೆ ಮತ್ತು ತೊಡಕುಗಳು

1980ರ ದಶಕದಲ್ಲಿ ಅಮೆರಿಕದಲ್ಲಿ ಕಾಗದದ ತಿರುಳನ್ನು ಬಿಳುಪುಗೊಳಿಸಿದ ನೀರಿಗಾಗಿ ಮೈಕೋರ್ ಎಂಬ ವಿಧಾನವನ್ನು ರೂಪಿಸಲಾಯಿತು. ತಿರುಗುವ ತಟ್ಟೆಗಳ ಮೇಲೆ ಫ್ಯಾನೆರೊಕೀಟೆಯನ್ನು ಬೆಳೆಸಿ, ಅವುಗಳ ಮೂಲಕ ನೀರನ್ನು ಹಾಯಿಸಲಾಗುತ್ತಿತ್ತು. ಲಿಗ್ನಿನ್ನೊಂದನ್ನೇ ಉಂಡು ಈ ಶಿಲೀಂಧ್ರ ಬದುಕಲಾರದು. ಸಕ್ಕರೆಯಂತಹ ಆಹಾರವನ್ನು ಬೇರೆಯಾಗಿ ಒದಗಿಸಬೇಕು, ಅದು ಖರ್ಚಿನ ಬಾಬತ್ತು.

ಇದಕ್ಕಿಂತ ದೊಡ್ಡ ತೊಡಕು ಬ್ಯಾಕ್ಟೀರಿಯಾಗಳದ್ದು. ಕ್ರಿಮಿಶುದ್ಧೀಕರಿಸಿದ ಗಾಜಿನ ಪಾತ್ರೆಯಲ್ಲಿ ಚೆನ್ನಾಗಿ ಬೆಳೆಯುವ ಶಿಲೀಂಧ್ರವನ್ನು ಕಾರ್ಖಾನೆಯ ನೀರಿನಲ್ಲಿ ವೇಗವಾಗಿ ಹೆಚ್ಚುವ ಬ್ಯಾಕ್ಟೀರಿಯಾಗಳು ಹಿಂದಿಕ್ಕುತ್ತವೆ. ಆದುದರಿಂದ ಬಣ್ಣ ತೆಗೆದ ಶೇಕಡಾವಾರು ಪ್ರಮಾಣವನ್ನು ಓದುವಾಗ ನೀರು ಕ್ರಿಮಿಶುದ್ಧವಾಗಿತ್ತೇ ಎಂಬುದನ್ನು ಮೊದಲು ಗಮನಿಸಬೇಕು. ಪಿಎಚ್ 4.5ರ ಆಸುಪಾಸಿನ ಆಮ್ಲೀಯತೆಯು ಶಿಲೀಂಧ್ರಕ್ಕೆ ಅನುಕೂಲ, ಹಲವು ಬ್ಯಾಕ್ಟೀರಿಯಾಗಳಿಗೆ ಪ್ರತಿಕೂಲ. ಆದರೆ ಬಣ್ಣದ ಕಾರ್ಖಾನೆಗಳ ನೀರು ಸಾಮಾನ್ಯವಾಗಿ ಕ್ಷಾರೀಯ. ಅದಕ್ಕೆ ಆಮ್ಲ ಬೆರೆಸಿ, ಹೊರಬಿಡುವ ಮುನ್ನ ಮತ್ತೆ ತಟಸ್ಥಗೊಳಿಸಿದರೆ ನೀರಿನಲ್ಲಿ ಲವಣಾಂಶ ಏರುತ್ತದೆ.

ಈ ಕಾರಣದಿಂದ ಜೀವಂತ ಶಿಲೀಂಧ್ರಕ್ಕೆ ಬದಲಾಗಿ ಅದರ ಕಿಣ್ವವನ್ನಷ್ಟೇ ಘನ ಆಧಾರಕ್ಕೆ ಅಂಟಿಸಿ ಬಳಸುವ ಸಂಶೋಧನೆಯೂ ನಡೆದಿದೆ. ಡೆನಿಮ್ ಬಟ್ಟೆಯ ನೀಲಿಯನ್ನು ತಿಳಿಗೊಳಿಸಲು ಲ್ಯಾಕೇಸ್ ಈಗಾಗಲೇ ವಾಣಿಜ್ಯ ಬಳಕೆಯಲ್ಲಿದೆ.