ಜೋರ್ಡಾನ್ ಪಟ್ಟಿಯಲ್ಲಿ ಬಿಟ್ಟುಹೋದ ಎರಡು

ಪಿಯುಸಿಯಲ್ಲಿ ಮ್ಯಾಟ್ರಿಕ್ಸ್ ಗುಣಿಸಿದ್ದು ನೆನಪಿದೆಯಾ? ಎರಡು ಅಡ್ಡಸಾಲು, ಎರಡು ಕಂಬಸಾಲು, ನಾಲ್ಕು ಸಂಖ್ಯೆ. ಪರೀಕ್ಷೆ ಮುಗಿದ ದಿನವೇ ಮರೆತಿರಬಹುದು. ಆ ಪುಟ್ಟ ಚೌಕದೊಳಗೆ ಒಂದು ಫುಟ್‌ಬಾಲ್ ಅಡಗಿದೆ ಅಂದರೆ ನಂಬ್ತೀರಾ?

ಒಂದು ಆಟ ಆಡೋಣ. ಎರಡು ಸಾಲಿನ ಕೆಲವು ಮ್ಯಾಟ್ರಿಕ್ಸ್‌ಗಳನ್ನು ಒಂದು ಗುಂಪಿಗೆ ಸೇರಿಸಿ. ಒಳಗಿನ ಸಂಖ್ಯೆಗಳು ಸಂಕೀರ್ಣ ಸಂಖ್ಯೆಗಳೂ ಆಗಿರಬಹುದು, ಆದರೆ ಡಿಟರ್ಮಿನೆಂಟ್ 1 ಇರಲೇಬೇಕು. ಗುಂಪಿನ ಯಾವ ಎರಡನ್ನು ಗುಣಿಸಿದರೂ ಉತ್ತರ ಅದೇ ಗುಂಪಿನೊಳಗೆ ಬರಬೇಕು. ಗುಂಪು ಎಣಿಸಿ ಮುಗಿಯುವಂತಿರಬೇಕು. ಇಂಥ ಗುಂಪುಗಳು ಎಷ್ಟು ಬಗೆ?

ಐದೇ ಬಗೆ! ಇದನ್ನು ವಿವರಿಸಿದವರಲ್ಲಿ ಪ್ರಮುಖರು ಜರ್ಮನಿಯ ಫೆಲಿಕ್ಸ್ ಕ್ಲೈನ್. 1884ರಲ್ಲಿ ಬಂದ ಅವರ ಹೆಸರಾಂತ ಪುಸ್ತಕದ ವಸ್ತು, ಇಪ್ಪತ್ತು ಮುಖಗಳ ಘನಾಕೃತಿ ಐಕೊಸಾಹೆಡ್ರನ್.

ಗುಟ್ಟು ಇಷ್ಟೇ: ಇಂಥ ಗುಂಪನ್ನು ಚೆಂಡು ತಿರುಗಿಸುವ ಬಗೆಗಳಾಗಿ ನೋಡಬಹುದು. ಒಂದೊಂದು ತಿರುಗಿಸುವಿಕೆಗೂ ಎರಡು ಮ್ಯಾಟ್ರಿಕ್ಸ್, ಒಂದು ಪ್ಲಸ್, ಒಂದು ಮೈನಸ್. ಕಪ್ಪು ಪಂಚಕೋನ, ಬಿಳಿ ಷಟ್ಕೋನಗಳ ಫುಟ್‌ಬಾಲನ್ನು 60 ರೀತಿ ತಿರುಗಿಸಿದರೂ ಮೊದಲಿನಂತೆಯೇ ಕಾಣುತ್ತದೆ. ಹಾಗಾಗಿ 120 ಮ್ಯಾಟ್ರಿಕ್ಸ್. ಘನಕ್ಕೆ 24 ರೀತಿ, 48 ಮ್ಯಾಟ್ರಿಕ್ಸ್. ನಾಲ್ಕು ತ್ರಿಕೋನಗಳ ಪಿರಮಿಡ್ಡಿಗೆ 12 ರೀತಿ, 24 ಮ್ಯಾಟ್ರಿಕ್ಸ್. ಉಳಿದೆರಡು, ಫ್ಯಾನಿನಂತೆ ಬರೀ ಸುತ್ತುವ ಬಗೆ ಮತ್ತು ಸುತ್ತುವುದರ ಜೊತೆ ಮಗುಚಲೂ ಬರುವ ಬಗೆ.

ಆರನೆಯದು ಯಾಕಿಲ್ಲ?

ಫುಟ್‌ಬಾಲಿನ ಮೇಲೆ ಮೂರು ಬಗೆಯ ಬಿಂದು ಹುಡುಕಿ. ಪಂಚಕೋನದ ನಡುವೆ ಹಿಡಿದು ತಿರುಗಿಸಿದರೆ ಒಂದು ಸುತ್ತಿನಲ್ಲಿ 5 ಸಲ ಅದೇ ನೋಟ. ಷಟ್ಕೋನದ ನಡುವೆ ಹಿಡಿದರೆ 3 ಸಲ. ಎರಡು ಷಟ್ಕೋನಗಳ ನಡುವಿನ ಹೊಲಿಗೆಯ ಮಧ್ಯದಲ್ಲಿ ಹಿಡಿದರೆ 2 ಸಲ. ಫ್ಯಾನ್ ಬಗೆ ಬಿಟ್ಟು ಉಳಿದೆಲ್ಲದರಲ್ಲೂ ಹೀಗೆ ಮೂರು ಸಂಖ್ಯೆ ಸಿಗುತ್ತವೆ. ನಿಯಮ ಒಂದೇ: 1ನ್ನು ಈ ಮೂರರಿಂದಲೂ ಭಾಗಿಸಿ ಕೂಡಿದರೆ ಮೊತ್ತ 1ನ್ನು ದಾಟಬೇಕು. 1/2 + 1/3 + 1/5 = 31/30. ಕೂದಲೆಳೆಯಲ್ಲಿ ಪಾಸು! 5ರ ಜಾಗಕ್ಕೆ 6 ಹಾಕಿ, ಮೊತ್ತ ಸರಿಯಾಗಿ 1. ಆಗ ವಿನ್ಯಾಸ ಜೇನುಹುಟ್ಟಿನ ಹಾಗೆ ಚಪ್ಪಟೆಯಾಗಿ ಹರಡುತ್ತಲೇ ಹೋಗುತ್ತದೆ, ಚೆಂಡಾಗಿ ಮುಚ್ಚಿಕೊಳ್ಳುವುದಿಲ್ಲ. ನಿಯಮ ದಾಟುವ ಜೋಡಣೆಗಳನ್ನು ನೀವೇ ಕಾಗದದ ಮೇಲೆ ಬರೆದು ಎಣಿಸಬಹುದು.

ಮೂರು ಸಾಲಿಗೆ ಹೋದರೆ ಕಥೆ ಬೇರೆ. ಫ್ರಾನ್ಸಿನ ಕಮೀಲ್ ಜೋರ್ಡಾನ್ 1878ರಲ್ಲಿ ಆ ಪಟ್ಟಿಗೆ ಕೈಹಾಕಿದರು. ಎಂಜಿನಿಯರಿಂಗ್ ಓದಿದವರಿಗೆ ‘ಜೋರ್ಡಾನ್ ಫಾರ್ಮ್’ ಗೊತ್ತಿರುತ್ತೆ, ಅದೇ ಜೋರ್ಡಾನ್. ಅಂಥವರ ಪಟ್ಟಿಯಲ್ಲೂ ಎರಡು ಬಿಟ್ಟುಹೋದವು. 168 ಮ್ಯಾಟ್ರಿಕ್ಸ್‌ಗಳ ಒಂದು ಗುಂಪನ್ನು ಕ್ಲೈನ್ ಮುಂದಿಟ್ಟರು. ಇನ್ನೊಂದನ್ನು 1889ರಲ್ಲಿ ಡೆನ್ಮಾರ್ಕಿನ ವ್ಯಾಲೆಂಟಿನರ್ ತಂದರು, ಅದರಲ್ಲಿ 1080 ಮ್ಯಾಟ್ರಿಕ್ಸ್‌ಗಳು.

ಆಮೇಲೆ ಬಂದವರು ಹಾನ್ಸ್ ಬ್ಲಿಕ್‌ಫೆಲ್ಟ್. ಡೆನ್ಮಾರ್ಕಿನಿಂದ ಹುಡುಗನಾಗಿದ್ದಾಗಲೇ ಅಮೆರಿಕಕ್ಕೆ ಹೋಗಿ, ಹೊಲದಲ್ಲೂ ಮರದ ಮಿಲ್ಲಿನಲ್ಲೂ ದುಡಿದು, ಕೊನೆಗೆ ಸ್ಟ್ಯಾನ್‌ಫರ್ಡ್‌ನಲ್ಲಿ ಪ್ರೊಫೆಸರ್ ಆದವರು. ಅವರ 1917ರ ಪುಸ್ತಕ ಮೂರು ಸಾಲಿನ ಜೊತೆ ನಾಲ್ಕು ಸಾಲಿನ ಗುಂಪುಗಳನ್ನೂ ವಿಂಗಡಿಸಿತು.

ಪಟ್ಟಿ ಮಾಡುವುದು ಗುಮಾಸ್ತಿಕೆ ಅಂತ ನಮಗನಿಸುತ್ತದೆ. ಆದರೆ ‘ಇಷ್ಟಿವೆ’ ಅನ್ನುವುದು ಸುಲಭ, ‘ಇಷ್ಟೇ ಇವೆ’ ಅನ್ನುವುದೇ ಕಷ್ಟ. ಜೋರ್ಡಾನ್ ಎಡವಿದ್ದು ಆ ಒಂದು ‘ಏ’ಕಾರದಲ್ಲಿ!